ನೆರೆಯಲ್ಲಿ ಉಳಿಯುವ ಭತ್ತದ ಬೀಜ: ಮನೆಯಂಗಳದಲ್ಲೇ ಪರೀಕ್ಷಿಸುವ ಬಗೆ

2019ರ ಆಶ್ಲೇಷಾ ಮಳೆಯಲ್ಲಿ ಗಂಗಾವಳಿ ಹೊಳೆ ನಮ್ಮ ಬೈಲುಗದ್ದೆಯ ಮೇಲೆ 6 ದಿನ ನಿಂತಿತ್ತು. ನೀರು ಇಳಿದ ಮೇಲೆ ನೋಡಿದರೆ ಮೈತುಂಬ ಕೆಸರು ಮೆತ್ತಿಕೊಂಡು ಸಸಿಗಳೆಲ್ಲ ಅಂಗಾತ ಬಿದ್ದಿದ್ದವು. ನಾಲ್ಕನೇ ದಿನವೇ ಟಿಲ್ಲರ್ ತರಿಸಿ ಗದ್ದೆ ಹೂಡಿಸಿಬಿಟ್ಟೆ. ಬೇಲಿಯಾಚೆಯ ಹಾಲಕ್ಕಿ ಅಜ್ಜಿ ಮಾತ್ರ ತನ್ನ ಗದ್ದೆ ಮುಟ್ಟಲಿಲ್ಲ. ‘ಗಡಿಬಿಡಿ ಮಾಡಬೇಡ ತಂಗಿ, ಸುಳಿ ಸತ್ತದ್ಯಾ ಇಲ್ಯಾ ನೋಡು ಮೊದ್ಲು’ ಎಂದಿದ್ದರು. ಹನ್ನೆರಡನೇ ದಿನ ಅವರ ಗದ್ದೆಯಲ್ಲಿ ಹಸಿರು ಸುಳಿ ಎದ್ದಿತ್ತು. ನನ್ನ ಗದ್ದೆಯಲ್ಲಿ ಬರೀ ಕೆಸರು.

ಪಿಯು ಕಾಲೇಜಿನಲ್ಲಿ 22 ವರ್ಷ ಜೀವಶಾಸ್ತ್ರ ಪಾಠ ಮಾಡಿದವಳು ನಾನು. ಎಥಿಲಿನ್, ಜಿಬ್ಬರೆಲಿನ್ ಎಂದು ಗಿಡದ ಹಾರ್ಮೋನುಗಳ ಹೆಸರನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಅಜ್ಜಿಯ ಬೀಜದಲ್ಲಿ ಏನಿತ್ತು, ನನ್ನ ಬೀಜದಲ್ಲಿ ಏನಿರಲಿಲ್ಲ ಎಂಬ ಪ್ರಶ್ನೆ ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅಂದಿನಿಂದ ಪ್ರತಿ ಬೇಸಿಗೆಯಲ್ಲೂ ಬಿತ್ತನೆ ಬೀಜವನ್ನು ನೀರಿನಲ್ಲಿ ಮುಳುಗಿಸಿ ನೋಡಿಯೇ ಅಗೆ ಹಾಕುತ್ತೇನೆ. ಅದಕ್ಕೆ ಬೇಕಾಗುವುದು ಒಂದು ಗಾಜಿನ ಬಾಟಲಿ, ಮೀನು ಸಾಗಿಸುವ ಒಂದು ಥರ್ಮೋಕೋಲ್ ಪೆಟ್ಟಿಗೆ, ಒಂದು ನೀಲಿ ಡ್ರಮ್ಮು, ಒಂದು ನೋಟ್‌ಬುಕ್ಕು, ಅಷ್ಟೆ.

ನಿಮ್ಮ ಗದ್ದೆಗೆ ಬರುವ ನೆರೆ ಯಾವುದು?

ಪರೀಕ್ಷೆಗೆ ಇಳಿಯುವ ಮೊದಲು ಇದನ್ನು ಗುರುತಿಸಿಕೊಳ್ಳಿ. ‘ನೆರೆ ತಾಳುವ ತಳಿ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಗುಣಗಳನ್ನು ತುಂಬಿ ಮಾರುತ್ತಾರೆ. ಮೂರಕ್ಕೂ ವಂಶವಾಹಿಗಳು ಬೇರೆ. ಒಂದಿದ್ದ ಮಾತ್ರಕ್ಕೆ ಇನ್ನೊಂದು ಇರುತ್ತದೆ ಎಂದು ನಂಬಬೇಡಿ.

ಮೊದಲನೆಯದು, ಬಿತ್ತಿದ ಮಾರನೇ ದಿನವೇ ಮಳೆ ಹೊಡೆದು ಬೀಜ ನೀರಿನಡಿ ಸಿಕ್ಕಿಬೀಳುವುದು. ನಾಟಿ ಬಿಟ್ಟು ನೇರ ಬಿತ್ತನೆಗೆ ಇಳಿದವರಿಗೆ ಇದರ ಕಷ್ಟ ಹೆಚ್ಚು. ಎರಡನೆಯದು, ನಾಟಿ ಮಾಡಿದ ಗದ್ದೆಯನ್ನು ಹೊಳೆ ಪೂರ್ತಿ ಮುಳುಗಿಸಿ ವಾರ ಹತ್ತು ದಿನ ನಿಂತು ಇಳಿಯುವುದು. 2019ರಲ್ಲಿ ಬಂದದ್ದು ಇದು. 2021ರ ಪುಷ್ಯ ಮಳೆಯಲ್ಲಿ, ಗುಳ್ಳಾಪುರದ ಸೇತುವೆ ಕೊಚ್ಚಿಹೋದ ಆ ಜುಲೈ ತಿಂಗಳಲ್ಲಿ ಬಂದದ್ದೂ ಇದೇ. ಮೂರನೆಯದು, ಮೊಣಕಾಲು ಸೊಂಟದ ಮಟ್ಟದ ನೀರು ತಿಂಗಳುಗಟ್ಟಲೆ ಇಳಿಯದೆ ನಿಲ್ಲುವುದು. ಅಘನಾಶಿನಿಯ ಅಳಿವೆಯ ಗಜನಿ ಗದ್ದೆಗಳಲ್ಲಿ ಇದರ ಜೊತೆಗೆ ಉಪ್ಪೂ ಸೇರುತ್ತದೆ. ಕುಮಟಾ ಕಡೆಯವರು ಅಲ್ಲಿ ಎತ್ತರದ ಕಗ್ಗ ಭತ್ತವನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿರುವುದು ಸುಮ್ಮನೆ ಅಲ್ಲ. ಗಿಡ್ಡ ತಳಿ ಅಲ್ಲಿ ಏನು ಮಾಡಿದರೂ ಏಳುವುದಿಲ್ಲ.

ಹಳೆಯ ಮಳೆಗಾಲಗಳನ್ನು ನೆನಪಿಸಿಕೊಂಡು ಬರೆದಿಡಿ: ಯಾವ ನಕ್ಷತ್ರದಲ್ಲಿ ನೀರು ಬಂತು, ಆಗ ಪೈರಿಗೆ ಎಷ್ಟು ದಿನ, ತುದಿ ಕಾಣುತ್ತಿತ್ತೇ, ಎಷ್ಟನೇ ದಿನಕ್ಕೆ ಇಳಿಯಿತು. ಮನೆಯ ಹಿರಿಯರನ್ನೂ ಕೇಳಿ. ಬಾವಿಕಟ್ಟೆಯ ಯಾವ ಕಲ್ಲಿನವರೆಗೆ ಯಾವ ವರ್ಷ ನೀರು ಬಂದಿತ್ತು ಎಂದು ನಮ್ಮ ಅತ್ತೆ ಕೈಯಿಟ್ಟು ತೋರಿಸುತ್ತಿದ್ದರು. ಆ ಗುರುತು ಯಾವ ಕಚೇರಿಯ ಕಡತದಲ್ಲೂ ಇಲ್ಲ.

ಬಾಟಲಿ ಮತ್ತು ಮೀನಿನ ಪೆಟ್ಟಿಗೆ: ಬೀಜ ನೀರಿನಡಿ ಮೊಳೆಯುತ್ತದೆಯೇ?

ಮೊದಲು ಬೀಜ ಗಟ್ಟಿಯಿದೆಯೇ ಎಂದು ನೋಡಬೇಕು. ಬಕೆಟ್ ನೀರಿಗೆ ಉಪ್ಪು ಹಾಕುತ್ತ ಹೋಗಿ. ಹಸಿ ಕೋಳಿಮೊಟ್ಟೆ ತೇಲಿ ಅದರ ನೆತ್ತಿ ರೂಪಾಯಿ ನಾಣ್ಯದಷ್ಟು ಕಂಡರೆ ಸಾಕು. ಭತ್ತ ಸುರಿದು ತೇಲಿದ್ದನ್ನು ತೆಗೆದುಹಾಕಿ, ಮುಳುಗಿದ್ದನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಅದರಲ್ಲಿ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಮೊಳಕೆ ಎಣಿಸಿ. 80ಕ್ಕಿಂತ ಕಡಿಮೆಯಾದರೆ ಆ ಬೀಜವನ್ನು ಮುಂದಿನ ಪರೀಕ್ಷೆಗೆ ತರಬೇಡಿ. ಬೀಜವೇ ಮುದಿಯಾಗಿದ್ದರೆ ನೀರಿನ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ.

ಇನ್ನು ಬಾಟಲಿ. ನೀರನ್ನು ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿ. ಕುದಿಸಿದಾಗ ನೀರಿನಲ್ಲಿ ಕರಗಿದ ಆಮ್ಲಜನಕ ಹೊರಟುಹೋಗುತ್ತದೆ. ಉಪ್ಪಿನಕಾಯಿಯ ಸಣ್ಣ ಗಾಜಿನ ಬಾಟಲಿಗೆ 20 ಕಾಳು ಹಾಕಿ, ಆ ನೀರನ್ನು ಬಾಯಿಯವರೆಗೂ ತುಂಬಿ, ಗಾಳಿಗುಳ್ಳೆ ಉಳಿಯದಂತೆ ಮುಚ್ಚಳ ಬಿಗಿಯಿರಿ. ಪಕ್ಕದಲ್ಲಿ ಇನ್ನೊಂದು ಬಾಟಲಿಯಲ್ಲಿ ಗೋಧಿ, ಮತ್ತೊಂದರಲ್ಲಿ ಹೆಸರುಕಾಳು ಇಡಿ. ಮಕ್ಕಳಿದ್ದ ಮನೆಯಾದರೆ ಅವರ ಕೈಯಲ್ಲೇ ಮಾಡಿಸಿ.

ನಾಲ್ಕೈದು ದಿನಕ್ಕೆ ಭತ್ತದ ತುದಿ ಬಿರಿದು ಬೆಳ್ಳಗಿನ, ದಬ್ಬಣದ ಮೊನೆಯಂಥ ಒಂದು ಕೊಳವೆ ಮೇಲಕ್ಕೆ ಹೊರಡುತ್ತದೆ. ಅದನ್ನು ಬೆಳಕಿಗೆ ಹಿಡಿದು ಗಮನವಿಟ್ಟು ನೋಡಿ. ಬೇರು ಇರುವುದಿಲ್ಲ, ಎಲೆಯೂ ಇರುವುದಿಲ್ಲ. ಸಾಧಾರಣ ಮೊಳಕೆಯಲ್ಲಿ ಬೇರು ಬೇಗನೆ ಇಳಿಯುತ್ತದೆ. ಇಲ್ಲಿ ಬೀಜ ಬೇರಿನ ಕೆಲಸವನ್ನು ನಿಲ್ಲಿಸಿ, ಇದ್ದಬದ್ದ ಶಕ್ತಿಯನ್ನೆಲ್ಲ ಈ ಒಂದು ಕೊಳವೆಗೆ ಕೊಟ್ಟು, ಎಲ್ಲಿಯಾದರೂ ಗಾಳಿ ಸಿಕ್ಕೀತೇ ಎಂದು ಮೇಲೆ ಕಳಿಸುತ್ತದೆ. ಗೋಧಿ ಇದ್ದ ಹಾಗೇ ಇರುತ್ತದೆ. ಹೆಸರುಕಾಳು ಉಬ್ಬಿ ಕೊಳೆಯುತ್ತದೆ. ಎಂಟನೇ ದಿನ ಭತ್ತದ ಬಾಟಲಿಯ ಮುಚ್ಚಳ ತೆಗೆದರೆ ಹುಳಿಗಂಜಿಯ ವಾಸನೆ. ಆಮ್ಲಜನಕವಿಲ್ಲದೆ ಬೀಜ ಸಕ್ಕರೆಯನ್ನು ಹುದುಗಿಸಿ ಬದುಕಿದ್ದರ ಗುರುತು ಅದು.

ಇದರ ಗುಟ್ಟು ಪಿಷ್ಟದಲ್ಲಿದೆ. ಅಕ್ಕಿಯೊಳಗಿನ ಪಿಷ್ಟವನ್ನು ಸಕ್ಕರೆ ಮಾಡುವ ಆಮೈಲೇಸ್ ಎಂಬ ಕಿಣ್ವವನ್ನು ಭತ್ತ ಆಮ್ಲಜನಕವಿಲ್ಲದೆಯೂ ತಯಾರಿಸಬಲ್ಲದು, ಗೋಧಿಗೆ ಅದು ಸಾಧ್ಯವಿಲ್ಲ. ಆದರೆ ಭತ್ತಭತ್ತಕ್ಕೂ ವ್ಯತ್ಯಾಸವಿದೆ. ಮ್ಯಾನ್ಮಾರಿನ ಖಾವ್ ಹ್ಲಾನ್ ಆನ್ ಎಂಬ ನಾಟಿ ತಳಿ ನೀರಿನಡಿಯಿಂದ ಬಲವಾಗಿ ಎದ್ದುಬರುವುದನ್ನು ಕಂಡು ವಿಜ್ಞಾನಿಗಳು ಹುಡುಕುತ್ತ ಹೋದರು. 2015ರಲ್ಲಿ ಪ್ರಕಟವಾದ ಸಂಶೋಧನೆ ಅದರ 9ನೇ ವರ್ಣತಂತುವಿನಲ್ಲಿರುವ ಓಎಸ್‌ಟಿಪಿಪಿ7 ಎಂಬ ವಂಶವಾಹಿಯನ್ನು ಬೊಟ್ಟು ಮಾಡಿ ತೋರಿಸಿತು. ‘ಇನ್ನೂ ಸಕ್ಕರೆ ಸಾಲದು, ಕಳಿಸುತ್ತಿರು’ ಎಂದು ಬೀಜಕ್ಕೆ ಒತ್ತಿ ಹೇಳುವುದು ಅದರ ಕೆಲಸ. ಅದಿದ್ದಾಗ ಕೊಳವೆ ಉದ್ದವೂ ಗಟ್ಟಿಯೂ ಆಗುತ್ತದೆ. ಜಗತ್ತೆಲ್ಲ ಬೆಳೆದ ಐಆರ್64 ತಳಿಯಲ್ಲಿ ಆ ವಂಶವಾಹಿ ಇಲ್ಲ.

ಬಾಟಲಿ ಕಣ್ಣಿಗೆ ತೋರಿಸುತ್ತದೆ, ಅಂಕಿ ಕೊಡುವುದು ಪೆಟ್ಟಿಗೆ. ಮೀನಿನ ಪೆಟ್ಟಿಗೆಯನ್ನು ತೊಳೆದು ಮೂರು ಬೆರಳಿನಷ್ಟು ಗದ್ದೆ ಮಣ್ಣು ಹರಡಿ. ಕಡ್ಡಿಯಿಂದ ಸಾಲು ಎಳೆದು, ತಳಿಗೆ 50ರಂತೆ ಒಣ ಬೀಜಗಳನ್ನು ಒಂದು ಸೆಂಟಿಮೀಟರ್ ಆಳದಲ್ಲಿ ಹುಗಿಯಿರಿ. ಮಣ್ಣು ಕದಡದಂತೆ ಬಾಳೆಲೆ ಹಾಸಿ ಅದರ ಮೇಲೆ ನೀರು ಬಿಡಿ, ಆಮೇಲೆ ಎಲೆ ಎಳೆದುಕೊಳ್ಳಿ. ಮಣ್ಣಿನ ಮೇಲೆ 10 ಸೆಂಟಿಮೀಟರ್ ನೀರು 21 ದಿನವೂ ಇಳಿಯದಂತೆ ನೋಡಿಕೊಳ್ಳಿ. ಇನ್ನೊಂದು ಪೆಟ್ಟಿಗೆಯಲ್ಲಿ ಅದೇ ಬೀಜವನ್ನು ಬರೀ ಹಸಿ ಮಣ್ಣಿನಲ್ಲಿ ಹಾಕಿ. 21ನೇ ದಿನ ನೀರಿನ ಮೇಲೆ ಎಲೆ ತೂರಿದ ಗಿಡಗಳನ್ನು ಎಣಿಸಿ. ಹಸಿ ಮಣ್ಣಿನಲ್ಲಿ 45, ನೀರಿನಲ್ಲಿ 9 ಬಂದರೆ ನೂರಕ್ಕೆ 20 ಎಂದು ಬರೆಯಿರಿ. 50ರಿಂದ ಭಾಗಿಸಬೇಡಿ, ಹುಟ್ಟಲಾರದ ಬೀಜವನ್ನು ನೀರಿನ ಲೆಕ್ಕಕ್ಕೆ ಸೇರಿಸಬಾರದು.

ಒಣ ಬೀಜವನ್ನೇ ಹಾಕಿ ಎಂದು ಒತ್ತಿ ಹೇಳುತ್ತೇನೆ. ನೆನೆಸಿ ಮೊಳಕೆ ಬರಿಸಿದ ಬೀಜಕ್ಕೆ ಮೊದಲೇ ಗಾಳಿ ಸಿಕ್ಕಿರುತ್ತದೆ, ಅದು ಬೇರೆಯೇ ಪರೀಕ್ಷೆ.

ನೀಲಿ ಡ್ರಮ್ಮು: ಮುಳುಗಿದ ಸಸಿ ಮತ್ತೆ ಏಳುತ್ತದೆಯೇ?

ನದಿದಂಡೆಯ ನಮ್ಮಂಥವರಿಗೆ ಮುಖ್ಯವಾದದ್ದು ಇದು. ಇದರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸಸಿ ನೀರಲ್ಲಿ ಮುಳುಗಿದಾಗ ಅದರೊಳಗೆ ಹುಟ್ಟುವ ಎಥಿಲಿನ್ ಅನಿಲ ಹೊರಹೋಗಲಾರದು, ಏಕೆಂದರೆ ಗಾಳಿಗಿಂತ ನೀರಿನಲ್ಲಿ ಅನಿಲ ಹರಡುವ ವೇಗ ಸುಮಾರು 10,000 ಪಟ್ಟು ಕಡಿಮೆ. ತುಂಬಿಕೊಂಡ ಎಥಿಲಿನ್ ‘ಮುಳುಗಿದ್ದೀಯ, ಬೇಗ ಉದ್ದ ಬೆಳೆ’ ಎಂದು ಎಬ್ಬಿಸುತ್ತದೆ. ಜಿಬ್ಬರೆಲಿನ್ ಕೆಲಸಕ್ಕೆ ಇಳಿಯುತ್ತದೆ. ಸಾಮಾನ್ಯ ತಳಿ ಇದ್ದ ಸಕ್ಕರೆಯನ್ನೆಲ್ಲ ಸುರಿದು ಉದ್ದವಾಗುತ್ತದೆ. ನೀರು ಒಂದು ಗೇಣಿದ್ದರೆ ಗೆದ್ದಿತು. ಒಂದಾಳು ಇದ್ದರೆ ತುದಿ ಮೇಲೆ ಬರುವ ಮೊದಲೇ ಕೂಡಿಟ್ಟ ಸಕ್ಕರೆ ಬರಿದಾಗಿ, ನೀರು ಇಳಿದ ದಿನ ಬೆಂದ ಶ್ಯಾವಿಗೆಯ ಹಾಗೆ ಮಲಗಿಬಿಡುತ್ತದೆ.

ಒಡಿಶಾದ ನಾಟಿ ಭತ್ತವೊಂದರಿಂದ ಆಯ್ದ ಎಫ್‌ಆರ್13ಎ ಎಂಬ ತಳಿ ಹಾಗೆ ಮಾಡುವುದಿಲ್ಲ. ಅದರ 9ನೇ ವರ್ಣತಂತುವಿನಲ್ಲಿ ಸಬ್1 ಎಂಬ ಭಾಗವಿದೆ ಎಂದು 1996ರಲ್ಲಿ ಗುರುತಿಸಿದರು. ಅದರೊಳಗಿನ ಸಬ್1ಎ ವಂಶವಾಹಿಯೇ ಮುಖ್ಯ ಎಂದು 2006ರಲ್ಲಿ ಖಚಿತವಾಯಿತು. ಪಮೇಲಾ ರೊನಾಲ್ಡ್, ಡೇವಿಡ್ ಮ್ಯಾಕಿಲ್, ಜೂಲಿಯಾ ಬೈಲಿ ಸೆರೆಸ್ ಮೊದಲಾದವರ ಕೆಲಸ ಅದು. ಸಬ್1ಎ ಇರುವ ಸಸಿ ಎಥಿಲಿನ್‌ನ ಕರೆಗೆ ಓಗೊಟ್ಟು ಓಡುವುದಿಲ್ಲ. ಜಿಬ್ಬರೆಲಿನ್‌ಗೆ ಕಡಿವಾಣ ಹಾಕಿ, ಬೆಳವಣಿಗೆ ನಿಲ್ಲಿಸಿ, ಸಕ್ಕರೆ ಉಳಿಸಿಕೊಂಡು ಕಾಯುತ್ತದೆ. ನೀರಿಳಿದ ಮೇಲೆ ಆ ಉಳಿಕೆಯಿಂದಲೇ ಹೊಸ ಎಲೆ ಬಿಡುತ್ತದೆ. ಎರಡು ವಾರದವರೆಗೆ ತಾಳುವ ಶಕ್ತಿ ಇದರಿಂದ ಬರುತ್ತದೆ. ಎಫ್‌ಆರ್13ಎಯ ಇಳುವರಿ ಕಡಿಮೆ. ಹಾಗಾಗಿ ಆ ಒಂದು ತುಣುಕನ್ನಷ್ಟೇ ಸ್ವರ್ಣ ತಳಿಗೆ ಸಾಂಪ್ರದಾಯಿಕ ಸಂಕರದಿಂದಲೇ, ಡಿಎನ್‌ಎ ಗುರುತು ನೋಡುತ್ತ ಮತ್ತೆ ಮತ್ತೆ ಸ್ವರ್ಣಕ್ಕೇ ಕೂಡಿಸಿ ತಂದರು. 2009ರಲ್ಲಿ ಸ್ವರ್ಣ ಸಬ್1 ನಮ್ಮ ದೇಶದಲ್ಲಿ ಬಿಡುಗಡೆಯಾಯಿತು. ಇದು ಹೈಬ್ರಿಡ್ ಅಲ್ಲ, ಆದ್ದರಿಂದ ಬೀಜ ಉಳಿಸಿಕೊಳ್ಳಬಹುದು.

ಕುಚ್ಚಲಕ್ಕಿಗೆ ಕೆಂಪು ದಪ್ಪಕಾಳೇ ಬೇಕು ಎನ್ನುವ ನಮ್ಮ ಮನೆಗೆ ಸ್ವರ್ಣ ಊಟದ ಅಕ್ಕಿಯಲ್ಲ. ಆದರೂ ಪ್ರತಿ ವರ್ಷ ಡ್ರಮ್ಮಿನಲ್ಲಿ ಸ್ವರ್ಣ ಮತ್ತು ಸ್ವರ್ಣ ಸಬ್1 ಎರಡನ್ನೂ ಇಡುತ್ತೇನೆ. ಹೆಚ್ಚುಕಡಿಮೆ ಆ ಒಂದು ತುಣುಕು ಬಿಟ್ಟರೆ ಎರಡೂ ಒಂದೇ ಆದ್ದರಿಂದ ಇದಕ್ಕಿಂತ ಒಳ್ಳೆಯ ಅಳತೆಗೋಲು ಇಲ್ಲ. ಸ್ವರ್ಣ ಸತ್ತು ಸಬ್1 ಉಳಿದರೆ ಪರೀಕ್ಷೆ ಸರಿಯಾಗಿದೆ ಎಂದರ್ಥ. ಎರಡೂ ಉಳಿದರೆ ಮುಳುಗಿಸಿದ್ದು ಸಾಲದು, ಎರಡೂ ಸತ್ತರೆ ವಿಪರೀತವಾಯಿತು.

ಮಾಡುವ ಕ್ರಮ ಹೀಗೆ. ನರ್ಸರಿಯ ಪ್ಲಾಸ್ಟಿಕ್ ಕೊಟ್ಟೆಗಳಿಗೆ ಗದ್ದೆ ಮಣ್ಣು ತುಂಬಿ. ತಳಿಗೆ ಮೂರು ಕೊಟ್ಟೆ, ಕೊಟ್ಟೆಗೆ 10 ಸಸಿ. ಯೂರಿಯಾ ಹಾಕಬೇಡಿ, ಗೊಬ್ಬರ ತಿಂದು ಕೊಬ್ಬಿದ ಸಸಿ ಬೇಗ ಸಾಯುತ್ತದೆ. 21 ದಿನದ ಸಸಿಯಾದಾಗ ಪ್ರತಿಯೊಂದರ ಎತ್ತರ ಅಳೆದು ಬರೆಯಿರಿ. ಕೊಟ್ಟೆಗಳನ್ನು ಡ್ರಮ್ಮಿನ ತಳದಲ್ಲಿ ಇಡುವಾಗ ಚೀಟಿ ಎತ್ತಿ ಜಾಗ ಹಂಚಿ, ಒಂದೇ ತಳಿ ಒಂದೇ ಮಗ್ಗುಲಿಗೆ ಬರಬಾರದು. ಅಂಚಿನ ನೆರಳೂ ಫಲಿತಾಂಶವನ್ನು ಕೆಡಿಸುತ್ತದೆ. ಸಸಿಯ ತುದಿಯ ಮೇಲೆ ಒಂದೂವರೆ ಅಡಿ ನೀರು ನಿಲ್ಲಲಿ. ಡ್ರಮ್ಮಿಗೆ ಮುಚ್ಚಳ ಬೇಡ, ಸೊಳ್ಳೆ ಬಾರದಂತೆ ತೆಳು ಪರದೆ ಕಟ್ಟಿ, ಬಯಲಿನಲ್ಲಿಡಿ. 14 ದಿನ ಮುಟ್ಟಬೇಡಿ.

ಹದಿನೈದನೇ ದಿನ ನಿಧಾನ ನೀರು ತೆಗೆದು ತಕ್ಷಣ ಎತ್ತರ ಅಳೆಯಿರಿ. ಉದ್ದವಾಗಿ ಹಳದಿಗಟ್ಟಿದ್ದು ಯಾವುದು, ಗಿಡ್ಡಗೆ ಹಸಿರಾಗಿ ಉಳಿದದ್ದು ಯಾವುದು ಎಂದು ಅವತ್ತೇ ತಿಳಿಯುತ್ತದೆ. ಆದರೆ ಅವತ್ತು ತೀರ್ಪು ಕೊಡಬೇಡಿ. ನಾನು 2019ರಲ್ಲಿ ಮಾಡಿದ ತಪ್ಪು ಅದೇ. ಇನ್ನೂ 14 ದಿನ ಕಾದು, ಹೊಸ ಎಲೆ ಬಿಟ್ಟಿದ್ದನ್ನು ಮಾತ್ರ ಬದುಕಿದ್ದೆಂದು ಎಣಿಸಿ. ಹಳೆಯ ಎಲೆ ಹಸಿರಿದ್ದರೂ ಸುಳಿಯನ್ನು ಮೆಲ್ಲಗೆ ಎಳೆದಾಗ ಕೊಳೆತು ಕಿತ್ತುಬಂದರೆ ಅದು ಸತ್ತ ಲೆಕ್ಕ. ಅಜ್ಜಿ ಹೇಳಿದ್ದೂ ಸುಳಿಯನ್ನೇ.

ಬೀಜ ಕೊಳ್ಳುವವರಿಗೆ ಒಂದು ಮಾತು. ಒಂದು ವರ್ಷ ಸ್ವರ್ಣ ಸಬ್1 ಎಂದು ಹೇಳಿ ಒಬ್ಬರು ಬಿಡಿ ಬೀಜ ಕೊಟ್ಟರು. ಡ್ರಮ್ಮಿನಲ್ಲಿ ಎಲ್ಲವೂ ಸತ್ತಿತು. ಅಂಗೈ ಮೇಲೆ ಹಾಕಿ ನೋಡಿದಾಗ ಹೊಟ್ಟಿನ ಬಣ್ಣ ಹೊಂಗಂದು. ಸ್ವರ್ಣದ ಹೊಟ್ಟು ಆ ಬಣ್ಣದ್ದು. ಸ್ವರ್ಣ ಸಬ್1ರದ್ದು ಒಣಹುಲ್ಲಿನ ಬಿಳಿಚು ಬಣ್ಣ. ಹೊಟ್ಟಿನ ಬಣ್ಣ ಬದಲಿಸುವ ವಂಶವಾಹಿ ಸಬ್1ಕ್ಕೆ ತೀರ ಹತ್ತಿರ ಇರುವುದರಿಂದ ಅದರ ಜೊತೆಗೇ ಬಂದುಬಿಟ್ಟಿದೆ. ಈಗ ನೀಲಿ ಚೀಟಿಯ ಪ್ರಮಾಣಿತ ಬೀಜವನ್ನೇ ಕೇಳುತ್ತೇನೆ. ಕೆಂಪಕ್ಕಿಯೇ ಬೇಕೆನ್ನುವವರು ತಗ್ಗು ಗದ್ದೆಗೆಂದು ಬ್ರಹ್ಮಾವರದ ಸಂಶೋಧನಾ ಕೇಂದ್ರದಿಂದ ಬಂದ ಸಹ್ಯಾದ್ರಿ ಪಂಚಮುಖಿಯನ್ನು ಡ್ರಮ್ಮಿನಲ್ಲಿಟ್ಟು ನೋಡಬಹುದು. ಘಟ್ಟದ ಮೇಲಿನವರಿಗೆ ವಿಚಾರಿಸಲು ಶಿರಸಿಯ ಕೃಷಿ ವಿಜ್ಞಾನ ಕೇಂದ್ರ ಹತ್ತಿರ.

ಇಷ್ಟಾದರೂ ಗಜನಿಯವರು ಸಬ್1 ಒಂದನ್ನೇ ನಂಬಬಾರದು. ತಿಂಗಳುಗಟ್ಟಲೆ ನಿಲ್ಲುವ ನೀರಿನಲ್ಲಿ ಸುಮ್ಮನೆ ಕಾಯುವ ಸಸಿ ಕಾಯುತ್ತಲೇ ಸಾಯುತ್ತದೆ. ಅಲ್ಲಿ ನೀರಿನೊಂದಿಗೆ ಏಳುವ ಗುಣವೇ ಬೇಕು. ಆಳನೀರಿನ ಭತ್ತಗಳಲ್ಲಿ ಅಂಥದ್ದನ್ನು ಕೊಡುವ ಸ್ನಾರ್ಕೆಲ್1, ಸ್ನಾರ್ಕೆಲ್2 ವಂಶವಾಹಿಗಳು 12ನೇ ವರ್ಣತಂತುವಿನಲ್ಲಿವೆ ಎಂದು 2009ರಲ್ಲಿ ಜಪಾನಿನವರು ಕಂಡುಕೊಂಡರು. ಅದೇ ಎಥಿಲಿನ್‌ಗೆ ತೀರ ವಿರುದ್ಧದ ಉತ್ತರ ಅವು. ಉಪ್ಪು ತಾಳುವ ಗುಣ ಇನ್ನೂ ಬೇರೆ. ಕೇರಳದ ಪೊಕ್ಕಾಳಿ ಭತ್ತದಲ್ಲಿ ಅದಕ್ಕೆ ಸಂಬಂಧಿಸಿದ ಸಾಲ್ಟಾಲ್ ಭಾಗ 1ನೇ ವರ್ಣತಂತುವಿನಲ್ಲಿದೆ. ಮನೆಯಲ್ಲಿ ಕಗ್ಗದ ಬೀಜ ಇದ್ದವರು ದಯವಿಟ್ಟು ಅದನ್ನು ಕಳೆದುಕೊಳ್ಳಬೇಡಿ.

ಬದುಕಿದ ಗಿಡದಿಂದ ಬೀಜ ಮಾಡುವುದು

ನೆರೆಯಲ್ಲಿ ಬದುಕಿದ ಗಿಡದ ಬೀಜವೆಲ್ಲ ನೆರೆ ತಾಳುತ್ತದೆ ಎಂದು ಹಲವರು ತಿಳಿದಿದ್ದಾರೆ. ಅದು ಬೀಜ ಎಂಥದ್ದು ಎಂಬುದರ ಮೇಲೆ ನಿಂತಿದೆ. ಪ್ಯಾಕೆಟ್ಟಿನ ಶುದ್ಧ ತಳಿಯಲ್ಲಿ ಎಲ್ಲ ಗಿಡಗಳ ವಂಶವಾಹಿಯೂ ಒಂದೇ. ಅಲ್ಲೊಂದು ಇಲ್ಲೊಂದು ಉಳಿದರೆ ಅದು ನಿಂತ ಜಾಗ ಎತ್ತರವಿದ್ದ ಕಾರಣಕ್ಕೆ. ಅದರಿಂದ ಬೀಜ ತೆಗೆದರೂ ಮುಂದಿನ ವರ್ಷ ಅದೇ ಗತಿ. ಮನೆತನದಲ್ಲಿ ಬಂದ ನಾಟಿ ಭತ್ತ ಹಾಗಲ್ಲ. ಅದರೊಳಗೆ ಹತ್ತು ಬಗೆಯ ಗಿಡ ಬೆರೆತಿರುತ್ತವೆ, ಅಲ್ಲಿ ಆಯ್ದರೆ ಫಲವಿದೆ. ಎಫ್‌ಆರ್13ಎ ಕೂಡ ಹಾಗೇ ಆಯ್ದು ತೆಗೆದದ್ದು.

ನಾಟಿ ಭತ್ತದ ಗದ್ದೆಯಲ್ಲಿ ಉಳಿದ ಗಿಡಗಳಿಗೆ ಕೆಂಪು ದಾರ ಕಟ್ಟಿ. ಕೊಯ್ಲಿನಲ್ಲಿ ಒಂದೊಂದು ಗಿಡದ ತೆನೆಯನ್ನೂ ಬೇರೆ ಬೇರೆ ಲಕೋಟೆಯಲ್ಲಿಡಿ, ಬೆರೆಸಬೇಡಿ. ಪ್ರತಿಯೊಂದರ ಅರ್ಧ ಬೀಜ ಡ್ರಮ್ಮಿಗೆ, ಅರ್ಧ ಜೋಪಾನಕ್ಕೆ. ಒಂದು ಲಕೋಟೆಯ ಸಸಿಗಳು ಎಲ್ಲವೂ ಉಳಿದರೆ ಆ ಗುಣ ಅದರಲ್ಲಿ ಬೇರೂರಿದೆ. ಸುಮಾರು ಕಾಲು ಭಾಗ ಸತ್ತರೆ ತಾಯಿಗಿಡದ ಎರಡು ಪ್ರತಿಗಳಲ್ಲಿ ಒಂದರಲ್ಲಷ್ಟೇ ಆ ವಂಶವಾಹಿ ಇದ್ದಿರಬಹುದು. ಉಳಿದ ಸಸಿಗಳಿಂದ ಇನ್ನೊಂದು ಸುತ್ತು ಆಯಬೇಕು. ಎಲ್ಲವೂ ಸತ್ತರೆ ತಾಯಿ ಉಳಿದದ್ದು ಅದೃಷ್ಟದಿಂದ. ಭತ್ತದ ಹೂವು ತನ್ನ ಪರಾಗವನ್ನೇ ಬಳಸಿಕೊಳ್ಳುವುದರಿಂದ ಬೆರಕೆಯ ಭಯ ಕಡಿಮೆ, ಆದರೂ ಪಕ್ಕದ ತಳಿಯಿಂದ 3 ಮೀಟರ್ ಅಂತರ ಬಿಡಿ.

ಬೀಜವನ್ನು ಹಲ್ಲಿನಿಂದ ಕಚ್ಚಿದರೆ ಟಕ್ ಎಂದು ಮುರಿಯುವಷ್ಟು ಒಣಗಿಸಿ. ತೇವಾಂಶ ಅಳೆಯುವ ಯಂತ್ರವಿದ್ದಲ್ಲಿ ನೂರಕ್ಕೆ 13 ಮೀರಬಾರದು. ಲಕೋಟೆಯೊಳಗೆ ಪೆನ್ಸಿಲಿನಲ್ಲಿ ಬರೆದ ಚೀಟಿ ಹಾಕಿ. ಕರಾವಳಿಯ ಹಸಿಗಾಳಿಗೆ ಪೆನ್ನಿನ ಶಾಯಿ ಹಬ್ಬಿಬಿಡುತ್ತದೆ.

ಗದ್ದೆಯಿಂದ ನೀರು ಇಳಿದ ಮೇಲೆ

ಬೀಜ ಎಷ್ಟೇ ಒಳ್ಳೆಯದಿದ್ದರೂ ಇಳಿದ ಮೊದಲ ವಾರ ಆತುರ ಬೇಡ. ಎಲೆಗೆ ಮೆತ್ತಿದ ಕೆಸರನ್ನು ನೀರು ಚಿಮ್ಮಿಸಿ ತೊಳೆಯಿರಿ. ಹೊಸ ಎಲೆ ಕಾಣುವವರೆಗೆ ಯೂರಿಯಾ ಮುಟ್ಟಬೇಡಿ. 10ರಿಂದ 14 ದಿನ ನೋಡಿ, ಆಮೇಲೆ ಎಲ್ಲಿ ಖಾಲಿಯಾಗಿದೆಯೋ ಅಲ್ಲಿ ಉಳಿದ ಗಿಡಗಳ ಬುಡ ಸೀಳಿ ನೆಡಿ. ಮುಳುಗಿ ಎದ್ದ ಪೈರು ಹೂ ಬಿಡುವುದು ತಡ. ಪಕ್ಕದ ಗದ್ದೆಯ ಕೊಯ್ಲು ನೋಡಿ ಗಾಬರಿಯಾಗಬೇಡಿ.

ಡ್ರಮ್ಮಿನ ಲೆಕ್ಕಕ್ಕೆ ಒಟ್ಟು 49 ದಿನ ಬೇಕು. ಮೃಗಶಿರ ಜೂನ್ ಮೊದಲ ವಾರ ಕಳೆಯುವ ಹೊತ್ತಿಗೆ ಹಿಡಿಯುತ್ತದೆ. ಏಪ್ರಿಲ್ 10ರೊಳಗೆ ಕೊಟ್ಟೆಗೆ ಬೀಜ ಹಾಕಿದರೆ ಮೇ ಕೊನೆಗೆ ಉತ್ತರ ಕೈಗೆ ಬರುತ್ತದೆ. ಬಾವಿ ತಳ ಕಾಣುವ ತಿಂಗಳು ಅದು, ಹಾಗಾಗಿ ಡ್ರಮ್ಮು ತುಂಬುವ ನೀರನ್ನು ಮೊದಲೇ ಎತ್ತಿಟ್ಟುಕೊಳ್ಳಿ.